ಕಡಲಿನ ಬೇಲಿ

ಕಳೆದ ಮಳೆಗಾಲದ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಏಷ್ಯಾ ಖಂಡದ ಭೂಪಟವನ್ನು ತೂಗಹಾಕಿ ಪಾಠ ಮಾಡುತ್ತಿದ್ದೆ. ದಕ್ಷಿಣ ಚೀನಾ ಸಮುದ್ರದ ಮೇಲೆ ಕೋಲಿಟ್ಟು, “ಈ ನೀರಿಗಾಗಿ ಹಲವು ದೇಶಗಳು ಜಗಳವಾಡುತ್ತಿವೆ” ಎಂದೆ. ಕಡಲಕರೆಯಿಂದ ಶಾಲೆಗೆ ಬರುವ ಹುಡುಗನೊಬ್ಬ ಎದ್ದು ನಿಂತು, “ನೀರಿಗೆ ಬೇಲಿ ಹಾಕುವುದು ಹೇಗೆ ಮಾಷ್ಟ್ರೇ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ರಾಯಭಾರಿಗಳೂ ನ್ಯಾಯಾಧೀಶರೂ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಅದೇ ತಾನೆ! ಅಷ್ಟರಲ್ಲಿ ಗಂಟೆ ಹೊಡೆಯಿತು, ಉತ್ತರ ಅರ್ಧಕ್ಕೇ ನಿಂತಿತು. ಆ ಬಾಕಿಯನ್ನು ಈ ಸಂಚಿಕೆಯಲ್ಲಿ ತೀರಿಸಬೇಕೆಂದಿದ್ದೇನೆ.

ನೀರಿಗೆ ಬೇಲಿ ಹಾಕಲಾಗದು ನಿಜ. ಆದರೆ ಅಳತೆ ಹಾಕಬಹುದು. ಜಗತ್ತಿನ ರಾಷ್ಟ್ರಗಳು ಬಹುಕಾಲ ಚರ್ಚಿಸಿ 1982ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಸಮುದ್ರ ಕಾನೂನಿನ ಒಡಂಬಡಿಕೆಯೊಂದನ್ನು ಮಾಡಿಕೊಂಡವು. ಅದು 1994ರಲ್ಲಿ ಜಾರಿಗೆ ಬಂದಿತು. ಅದರ ತಿರುಳು ಇಷ್ಟೆ: ಮೊದಲು ನೆಲ, ಆಮೇಲೆ ನೀರು. ಒಂದು ದೇಶದ ದಡದಿಂದ 12 ಕಡಲಮೈಲಿನವರೆಗೆ ಆ ದೇಶದ ಒಡೆತನ. 200 ಕಡಲಮೈಲಿನವರೆಗೆ ಮೀನು, ಎಣ್ಣೆ, ಅನಿಲ ಮೊದಲಾದ ಸಂಪತ್ತಿನ ಮೇಲೆ ಅದರ ಹಕ್ಕು. ಒಂದು ಕಡಲಮೈಲು ಎಂದರೆ 1.852 ಕಿಲೋಮೀಟರು. ಮನುಷ್ಯರು ತಮ್ಮಷ್ಟಕ್ಕೆ ಬದುಕಲಾರದ ಬರಿಯ ಬಂಡೆಗೆ ಈ 200 ಮೈಲಿನ ಹಕ್ಕಿಲ್ಲ. ಸದಾ ನೀರಿನೊಳಗೇ ಮುಳುಗಿರುವ ದಿಬ್ಬಕ್ಕಂತೂ ಯಾವ ಹಕ್ಕೂ ಇಲ್ಲ. ಫಿಲಿಪೈನ್ಸ್ 1984ರಲ್ಲಿ, ಭಾರತ 1995ರಲ್ಲಿ, ಚೀನ 1996ರಲ್ಲಿ ಈ ಒಡಂಬಡಿಕೆಯನ್ನು ಅಂಗೀಕರಿಸಿದವು. ಅಂದರೆ ಅಳತೆಗೋಲು ಎಲ್ಲರಿಗೂ ಒಂದೇ, ಅದಕ್ಕೆ ಎಲ್ಲರೂ ಒಪ್ಪಿಕೊಂಡವರೇ.

ಇನ್ನು ಚೀನದ ವಾದವನ್ನು ನೋಡೋಣ. 1947ರಲ್ಲಿ, ಕಮ್ಯುನಿಸ್ಟರು ಅಧಿಕಾರಕ್ಕೆ ಬರುವ ಮೊದಲು, ಅಂದಿನ ಚೀನ ಸರಕಾರ ಒಂದು ಭೂಪಟವನ್ನು ಅಚ್ಚು ಹಾಕಿಸಿ, ಈ ಸಮುದ್ರದ ಸುತ್ತ ಹನ್ನೊಂದು ತುಂಡುಗೆರೆಗಳನ್ನು ಎಳೆಯಿತು. ಮುಂದೆ ಬಂದ ಸರಕಾರ ಎರಡನ್ನು ಅಳಿಸಿ ಒಂಬತ್ತನ್ನು ಉಳಿಸಿಕೊಂಡಿತು. 2009ರಲ್ಲಿ ಆ ಪಟವನ್ನು ವಿಶ್ವಸಂಸ್ಥೆಗೇ ಕಳುಹಿಸಿತು. ದನದ ನಾಲಗೆಯ ಆಕಾರದಲ್ಲಿ ಇಳಿಯುವ ಆ ಗೆರೆ ವಿಯೆಟ್ನಾಂ, ಫಿಲಿಪೈನ್ಸ್, ಮಲೇಷ್ಯಾ, ಬ್ರೂನೈ ದೇಶಗಳ ಅಂಗಳದವರೆಗೂ ಚಾಚುತ್ತದೆ. ಚೀನದ ಶಾಲಾ ಮಕ್ಕಳು ತಮ್ಮ ದೇಶದ ದಕ್ಷಿಣದ ತುದಿಯೆಂದು ಕಲಿಯುವುದು ಜೇಮ್ಸ್ ದಿಬ್ಬ ಎಂಬ ಜಾಗವನ್ನು. ಅದು ಚೀನದ ನೆಲದಿಂದ ಸುಮಾರು 1,800 ಕಿಲೋಮೀಟರು ದೂರ, ಮಲೇಷ್ಯಾದ ದಡದಿಂದ ಸುಮಾರು 80 ಕಿಲೋಮೀಟರು. ಅಲ್ಲಿ ನೆಲವೇ ಇಲ್ಲ. ಹೋಗಿ ನಿಂತರೆ ಕಾಲಿಗೆ ಸಿಗುವುದು ಇಪ್ಪತ್ತು ಮೀಟರಿಗೂ ಹೆಚ್ಚು ಆಳದ ನೀರು!

ಗೆರೆ ಕಾಗದದಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. 1974ರಲ್ಲಿ ಪಾರಾಸೆಲ್ ದ್ವೀಪಗಳನ್ನು ಚೀನ ಅಂದಿನ ದಕ್ಷಿಣ ವಿಯೆಟ್ನಾಮಿನಿಂದ ಕಾದಾಡಿ ಕಸಿದುಕೊಂಡಿತು. 1988ರ ಮಾರ್ಚಿನಲ್ಲಿ ಸ್ಪ್ರಾಟ್ಲಿ ದಿಬ್ಬಗಳ ಬಳಿ ನಡೆದ ಘರ್ಷಣೆಯಲ್ಲಿ 64 ಮಂದಿ ವಿಯೆಟ್ನಾಂ ಯೋಧರು ಮಡಿದರು. 1995ರಲ್ಲಿ ಮಿಸ್ಚೀಫ್ ದಿಬ್ಬವನ್ನೂ 2012ರಲ್ಲಿ ಸ್ಕಾರ್ಬರೋ ದಿಬ್ಬವನ್ನೂ ಚೀನ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. 2013ರ ಕೊನೆಯಿಂದ ಹವಳದ ದಿಬ್ಬಗಳ ಮೇಲೆ ಮರಳು ಸುರಿದು ಏಳು ಕೃತಕ ದ್ವೀಪಗಳನ್ನು ಕಟ್ಟಿತು. ಅವುಗಳಲ್ಲಿ ಮೂರರಲ್ಲಿ ದೊಡ್ಡ ವಿಮಾನಗಳಿಳಿಯುವ ಓಡುದಾರಿಗಳೂ ಇವೆ.

ಇದರ ಏಟು ಬೀಳುವುದು ಯಾರಿಗೆ? ಬಲೆ ಬೀಸಿ ಬದುಕುವವನಿಗೆ. ನಮ್ಮ ಕಾಸರಗೋಡಿನ ಕಡಲಲ್ಲಿ ಮಳೆಗಾಲ ಬಂತೆಂದರೆ ಟ್ರಾಲಿಂಗ್ ನಿಷೇಧ. ಬೋಟುಗಳು ದಡ ಸೇರುತ್ತವೆ, ಬಂಗುಡೆಯ ಬೆಲೆ ಏರುತ್ತದೆ, ನಾವು ಗೊಣಗುತ್ತೇವೆ, ಆದರೂ ಪಾಲಿಸುತ್ತೇವೆ. ನಿಷೇಧಿಸಿದ್ದು ನಾವೇ ಆರಿಸಿದ ಸರಕಾರ, ಕಾಪಾಡುವುದು ನಮ್ಮದೇ ಮೀನಿನ ಸಂತಾನವನ್ನು. ಚೀನವೂ 1999ರಿಂದ ದಕ್ಷಿಣ ಚೀನಾ ಸಮುದ್ರದ ಉತ್ತರ ಭಾಗದಲ್ಲಿ ವರ್ಷವರ್ಷವೂ ಬೇಸಗೆಯ ಹೊತ್ತಿಗೆ ಮೀನುಗಾರಿಕೆಗೆ ನಿಷೇಧ ಹಾಕುತ್ತಿದೆ. ಆ ನಿಷೇಧ ವಿಯೆಟ್ನಾಂ ಮತ್ತು ಫಿಲಿಪೈನ್ಸಿನವರು ತಮ್ಮದೆನ್ನುವ ನೀರಿಗೂ ಹಬ್ಬುತ್ತದೆ. ಮೀನು ಉಳಿಯಬೇಕೆಂಬುದು ಒಳ್ಳೆಯ ಮಾತೇ. ಆದರೆ ನೆರೆಮನೆಯವನು ಬಂದು “ನಿನ್ನ ಬಾವಿಯಿಂದ ಈ ಮೂರು ತಿಂಗಳು ನೀರು ಸೇದಬೇಡ” ಎಂದರೆ ಹೇಗೆ? ಮಾತು ಒಳ್ಳೆಯದಾದರೆ ಸಾಲದು, ಹೇಳುವ ಅಧಿಕಾರವೂ ಬೇಕು.

ಬಡವನ ಕೋಪ ದವಡೆಗೆ ಮೂಲವೆಂದು ತಿಳಿದ ಫಿಲಿಪೈನ್ಸ್ ಕೈ ಎತ್ತಲಿಲ್ಲ, 2013ರ ಜನವರಿಯಲ್ಲಿ ದಾವೆ ಹೂಡಿತು. ಒಡಂಬಡಿಕೆಯ ಪ್ರಕಾರ ರಚಿತವಾದ ಮಧ್ಯಸ್ಥ ನ್ಯಾಯಮಂಡಳಿ ಹೇಗ್ ನಗರದಲ್ಲಿ ವಿಚಾರಣೆ ನಡೆಸಿ 2016ರ ಜುಲೈ 12ರಂದು ತೀರ್ಪು ಕೊಟ್ಟಿತು. ದ್ವೀಪಗಳ ಒಡೆಯರು ಯಾರೆಂಬುದನ್ನು ಅದು ಮುಟ್ಟಲಿಲ್ಲ. ಆದರೆ ಒಂಬತ್ತು ಗೆರೆಗಳೊಳಗಿನ ಸಂಪತ್ತೆಲ್ಲ ಪರಂಪರೆಯಿಂದ ತನ್ನದೆಂಬ ಚೀನದ ವಾದಕ್ಕೆ ಕಾನೂನಿನ ಆಧಾರವಿಲ್ಲವೆಂದಿತು. ಸ್ಪ್ರಾಟ್ಲಿಯ ಯಾವ ದಿಬ್ಬಕ್ಕೂ 200 ಮೈಲಿನ ಹಕ್ಕಿಲ್ಲವೆಂದಿತು. ಹವಳದ ದಿಬ್ಬಗಳಿಗೆ ಭಾರೀ ಹಾನಿಯಾಗಿದೆಯೆಂದೂ ಹೇಳಿತು. ಸ್ಕಾರ್ಬರೋದಲ್ಲಿ ಮೀನು ಹಿಡಿಯುವ ಹಕ್ಕು ಫಿಲಿಪೈನ್ಸಿನ ಬೆಸ್ತರಿಗೂ ಚೀನದ ಬೆಸ್ತರಿಗೂ ಪರಂಪರೆಯಿಂದ ಬಂದಿದೆಯೆಂದು ಅದೇ ತೀರ್ಪು ಹೇಳಿದ್ದನ್ನು ನಾವು ಮರೆಯಬಾರದು. ಚೀನ ವಿಚಾರಣೆಗೆ ಹಾಜರಾಗಲಿಲ್ಲ, ತೀರ್ಪನ್ನು ಒಪ್ಪಲೂ ಇಲ್ಲ.

ಚೀನ ಎಂದರೆ ಸಾಮಾನ್ಯ ದೇಶವಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಕಾಯಂ ಸದಸ್ಯ, ಲೋಕದ ಶಾಂತಿಯನ್ನು ಕಾಯಬೇಕಾದ ಐವರಲ್ಲಿ ಒಬ್ಬ. ಅಂಥ ದೇಶವೇ ತಾನು ಸಹಿ ಹಾಕಿದ ಕಾನೂನನ್ನು ಬದಿಗಿಟ್ಟರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗಲಿಲ್ಲವೇ?

“ನಮ್ಮ ಹಿರಿಯರು ನೂರಾರು ವರ್ಷಗಳಿಂದ ಅಲ್ಲಿ ಮೀನು ಹಿಡಿದಿದ್ದಾರೆ” ಎಂದು ಚೀನ ಹೇಳುತ್ತದೆ. ಹಿಡಿದಿರಬಹುದು. ಆದರೆ ಉಳಿದ ದಡಗಳವರ ಹಿರಿಯರೂ ಹಿಡಿದಿದ್ದಾರಲ್ಲ! ಹತ್ತಾರು ಮನೆಯವರು ನಡೆದ ದಾರಿಯನ್ನು ಒಬ್ಬ ಬೇಲಿ ಹಾಕಿ ಮುಚ್ಚಲು ಬರುತ್ತದೆಯೇ? “ಬೇರೆಯವರೂ ಹೀಗೆ ಮಾಡಿಲ್ಲವೇ?” ಎಂಬುದು ಇನ್ನೊಂದು ಮಾತು. ಇದರಲ್ಲಿ ಸತ್ಯವಿದೆ. ತೈವಾನಿನ ಭೂಪಟದಲ್ಲೂ ಇಂಥದೇ ಗೆರೆಯಿದೆ. ವಿಯೆಟ್ನಾಂ ಕೂಡ ದಿಬ್ಬಗಳಿಗೆ ಮಣ್ಣು ತುಂಬಿಸುತ್ತಿದೆ. ಸಮುದ್ರ ಕಾನೂನಿನ ಬಗ್ಗೆ ಲೋಕಕ್ಕೆ ಬುದ್ಧಿ ಹೇಳುವ ಅಮೆರಿಕ ಇನ್ನೂ ಆ ಒಡಂಬಡಿಕೆಯನ್ನು ಅಂಗೀಕರಿಸಿಲ್ಲ. 1986ರಲ್ಲಿ ನಿಕರಾಗುವದ ಮೊಕದ್ದಮೆಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ತನ್ನ ವಿರುದ್ಧ ಕೊಟ್ಟ ತೀರ್ಪನ್ನೂ ಅದು ಪಾಲಿಸಲಿಲ್ಲ. ಆದರೆ ಒಬ್ಬನ ತಪ್ಪು ಇನ್ನೊಬ್ಬನಿಗೆ ಪರವಾನಗಿಯಾಗದು. ಪರೀಕ್ಷೆಯಲ್ಲಿ ಪಕ್ಕದವನು ನಕಲು ಮಾಡಿದನೆಂದು ನಾವು ಮಾಡಿದರೆ ಮಾಷ್ಟ್ರು ಬಿಡುವರೇ?

ದೊಡ್ಡವರು ತಲೆಬಾಗಿದ ದೃಷ್ಟಾಂತವೂ ಇದೆ, ಅದೂ ನಮ್ಮ ದೇಶದ್ದೇ. ಬಂಗಾಳ ಕೊಲ್ಲಿಯಲ್ಲಿ ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ಸಮುದ್ರದ ಗಡಿಯ ತಕರಾರಿತ್ತು. 1970ರ ಚಂಡಮಾರುತದ ಬಳಿಕ ನದೀಮುಖದಲ್ಲಿ ಕಾಣಿಸಿಕೊಂಡ ಪುಟ್ಟ ದ್ವೀಪವೊಂದನ್ನು ಎರಡೂ ದೇಶಗಳು ತಮ್ಮದೆಂದವು. ಮನುಷ್ಯರ ವಾದ ಮುಗಿಯುವ ಮೊದಲೇ ಕಡಲು ಆ ದ್ವೀಪವನ್ನು ನುಂಗಿತು! ಬಾಂಗ್ಲಾದೇಶ ಅದೇ ಒಡಂಬಡಿಕೆಯಡಿ ದಾವೆ ಹೂಡಿತು. ಭಾರತ ಹಾಜರಾಗಿ ವಾದಿಸಿತು. 2014ರ ಜುಲೈ 7ರ ತೀರ್ಪಿನಲ್ಲಿ ವಿವಾದದ 25,602 ಚದರ ಕಿಲೋಮೀಟರುಗಳಲ್ಲಿ 19,467 ಬಾಂಗ್ಲಾದೇಶದ ಪಾಲಿಗೆ ಹೋಯಿತು. ಭಾರತ ಅದನ್ನು ಒಪ್ಪಿಕೊಂಡಿತು. ನಮ್ಮ ಗಡಿಗಳ ತಕರಾರೆಲ್ಲ ಮುಗಿದಿವೆಯೆಂದು ನಾನು ಹೇಳುತ್ತಿಲ್ಲ. ಆದರೆ ಸೋತರೂ ತೀರ್ಪಿಗೆ ಬದ್ಧನಾಗಿ ನಿಂತುದರಿಂದ ಭಾರತ ಸಣ್ಣದಾಗಲಿಲ್ಲ, ಅದರ ಮಾತಿಗೆ ತೂಕ ಬಂದಿತು. 2016ರ ತೀರ್ಪನ್ನು ಪಾಲಿಸಬೇಕೆಂದು 2023ರಲ್ಲಿ ಫಿಲಿಪೈನ್ಸಿನ ಜತೆ ನಿಂತು ಹೇಳಲು ನಮಗೆ ಮುಖವಿದ್ದುದು ಅದರಿಂದಲೇ.

ಹಾಗಾದರೆ ಪಾಲಿಸದ ತೀರ್ಪಿನಿಂದ ಏನು ಪ್ರಯೋಜನವೆಂದು ಕೆಲವು ಹೆತ್ತವರು ಕೇಳಬಹುದು. ಈ ಪ್ರಶ್ನೆಯ ನೋವು ಕಾಸರಗೋಡಿನವರಿಗೆ ಹೊಸತಲ್ಲ. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಬರೆಯಿತು, ಅದು ಜಾರಿಯಾಗಲಿಲ್ಲ. ಒಂದೇ ದೇಶದ ಎರಡು ರಾಜ್ಯಗಳ ಗೆರೆ ಬೇರೆ, ಎರಡು ದೇಶಗಳ ನಡುವಿನ ಗೆರೆ ಬೇರೆ. ಆಯೋಗದ ಶಿಫಾರಸು ಬೇರೆ, ನ್ಯಾಯಮಂಡಳಿಯ ತೀರ್ಪು ಬೇರೆ. ಆದರೆ ಕೈಯಲ್ಲಿ ಕಾಗದವಿದ್ದೂ ಕೆಲಸವಾಗದವನ ಮನಸ್ಸು ನಮಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಆ ಅನುಭವದಿಂದಲೇ ಹೇಳುತ್ತೇನೆ, ಕಾಗದ ವ್ಯರ್ಥವಲ್ಲ. ನ್ಯಾಯ ಯಾವ ಕಡೆಗಿತ್ತು ಎಂಬುದಕ್ಕೆ ಅದು ಸಾಕ್ಷಿ. ಬಲಿಷ್ಠನು ಅದನ್ನು ಲೆಕ್ಕಿಸದಿರಬಹುದು. ಆದರೆ ಅದು ಇಲ್ಲವೆಂದು ಹೇಳಲಾರ.

ವಿದ್ಯಾರ್ಥಿ ಮಿತ್ರರೇ, ಇದನ್ನೋದಿ ಚೀನದ ಜನರನ್ನು ದ್ವೇಷಿಸಬೇಡಿ. ಅಲ್ಲಿಯೂ ಬಲೆ ಹೆಗಲಿಗೇರಿಸಿ ನಸುಕಿನಲ್ಲಿ ಕಡಲಿಗಿಳಿಯುವ ಬಡವರಿದ್ದಾರೆ. ಯಾವ ದೇಶವೇ ಆಗಲಿ, ನಮ್ಮದೇ ಆಗಲಿ, ಭೂಪಟದಲ್ಲಿ ಗೆರೆ ಎಳೆದಾಗ “ಇದನ್ನು ಯಾವ ಕೋಲಿನಿಂದ ಅಳೆದಿರಿ?” ಎಂದು ಕೇಳುವುದನ್ನು ಕಲಿಯಿರಿ.

ಇನ್ನು ಹಿಂದಿನ ಬೆಂಚಿನ ನನ್ನ ಗೆಳೆಯನಿಗೆ ಉತ್ತರ. ನೀರಿಗೆ ಬೇಲಿ ಹಾಕುವುದು ಹೀಗೆ ಮಗು: ನಿನ್ನ ದಡದಿಂದ ನೀನು ಅಳೆ, ಅವನ ದಡದಿಂದ ಅವನು ಅಳೆಯಲಿ. ಎರಡು ಅಳತೆಗಳು ತಾಗುವಲ್ಲಿ ಇಬ್ಬರೂ ಕುಳಿತು ಮಾತಾಡಿ. ಮಾತು ಹರಿಯದಿದ್ದರೆ ಮೂರನೆಯವನನ್ನು ಕರೆಯಿರಿ. ಅವನು ಹೇಳಿದ್ದಕ್ಕೆ ಮೊದಲು ತಲೆಬಾಗಬೇಕಾದವನು ನಿಮ್ಮಿಬ್ಬರಲ್ಲಿ ಬಲವುಳ್ಳವನು.