ಒಂದೇ ಮನೆ, ಮೂರು ಕೆಲಸ

ಗಂಡನಿಗೆ ಆಫೀಸು, ಹೆಂಡತಿಗೆ ಸಂಜೆ ಕಾಲೇಜು, ಭಾನುವಾರ ಇಬ್ಬರಿಗೂ ಚರ್ಚಿನ ಸೇವೆ. ಸಿಂಗಪುರದ ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಸಿಗುವ ಈ ಮಂಗಳೂರಿನ ಎಳೆಯ ದಂಪತಿಯನ್ನು "ಊಟ ಆಯ್ತಾ?" ಎಂದು ಕೇಳಿದರೆ ಮುಖ ಮುಖ ನೋಡಿಕೊಂಡು ನಗುತ್ತಾರೆ. ಆಗೆಲ್ಲ ನನಗೆ ನೆನಪಾಗುವುದು ಕಿಟೆಲ್ ಸಾಹೇಬರ ಸಂಸಾರ.

ನಿಘಂಟಿನ ಕಿಟೆಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಡ್ಡದ ಹಿರಿಯರು, ಅಲ್ಲವೇ? ಆದರೆ ಬಾಸೆಲ್ ಮಿಷನ್ನಿನ ಈ ಜರ್ಮನ್ ಯುವಕ ನಮ್ಮ ನಾಡಿಗೆ ಬಂದದ್ದು 1853ರಲ್ಲಿ, 21ರ ಹರೆಯದಲ್ಲಿ. 1860ರಲ್ಲಿ ಪೌಲಿನ್ ಐತ್ ಅವರೊಡನೆ ಮದುವೆ. ಹೊಟ್ಟೆಪಾಡು, ಧರ್ಮಬೋಧನೆ ಎರಡೂ ಮಿಷನ್ನಿನದು. ಓದು ಮಾತ್ರ ಕನ್ನಡದ್ದು. 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳುವ 'ಕಥಾಮಾಲೆ' ಅಚ್ಚಾಯಿತು. 1864ರಲ್ಲಿ ಪೌಲಿನ್ ತೀರಿಕೊಂಡರು. ನಾಲ್ಕೇ ವರ್ಷದ ದಾಂಪತ್ಯ! 1867ರಲ್ಲಿ ಕಿಟೆಲ್ ಆಕೆಯ ಸೋದರಿ ಜೂಲಿಯ ಕೈಹಿಡಿದರು. 1872ರಲ್ಲಿ 'ಶಬ್ದಮಣಿದರ್ಪಣ'ದ ಸಂಪಾದನೆ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು.

ಆ ನಿಘಂಟಿನ ಮುಖಪುಟದಲ್ಲಿರುವುದು ಒಂದೇ ಹೆಸರು. ಸಂಸಾರದ ಭಾರ ಹೊತ್ತ ಅಕ್ಕತಂಗಿಯರ ಹೆಸರು ಅಲ್ಲಿಲ್ಲ. ಕಿಟೆಲರ ಮೇಲಿನ ಗೌರವ ಇದರಿಂದ ಕಡಿಮೆಯಾಗದು. ಆದರೂ ನನಗೆ ಇದು ಚುಚ್ಚುತ್ತದೆ.

ನಮ್ಮ ಲಿಫ್ಟಿನ ಜೋಡಿ ಸರದಿ ಹಾಕಿಕೊಂಡಿದೆ. ಆಕೆಯ ಪರೀಕ್ಷೆಯ ತಿಂಗಳಲ್ಲಿ ಅಡುಗೆ ಆತನದು, ಮಕ್ಕಳ ಬೈಬಲ್ ತರಗತಿಯೂ ಆತನದೇ. ಕಳೆದ ವಾರ ಸಾರಿಗೆ ಉಪ್ಪು ಜಾಸ್ತಿಯಾಗಿತ್ತಂತೆ. ಪರೀಕ್ಷೆ ಮಾತ್ರ ಪಾಸು!