ಕಂತು ತಪ್ಪುವ ಮೊದಲೇ ಬಾಯಿ ಬಿಡೋಣ

ಕಳೆದ ತಿಂಗಳು ನಮ್ಮ ನೆರೆಯ ಗೃಹಸ್ಥರೊಬ್ಬರು ಒಂದು ಲಕೋಟೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. "ಇದರಲ್ಲಿ ಏನುಂಟು, ಸ್ವಲ್ಪ ಓದಿ ಹೇಳಿ ಮಾಷ್ಟ್ರೆ" ಎಂದರು. ಮನೆಯ ಆಧಾರ ಅಡವಿಟ್ಟು ತೆಗೆದ ಸಾಲಕ್ಕೆ ಬ್ಯಾಂಕಿನಿಂದ ಬಂದ ನೋಟೀಸು ಅದು. ಇಂಗ್ಲಿಷಿನಲ್ಲಿತ್ತು. ಕೈಸೇರಿ 41 ದಿನ ಕಳೆದಿತ್ತು. ಅಷ್ಟು ದಿನವೂ ಹೆಂಡತಿಗೆ ಸಹ ತಿಳಿಸದೆ ಪಂಚಾಂಗದ ಎಡೆಯಲ್ಲಿ ಇಟ್ಟಿದ್ದರು.

ಈ ಮನುಷ್ಯ ದುಂದುಗಾರನಲ್ಲ. ಮಹಾಳಿ ಬಂದು ಎಳೆ ಅಡಿಕೆ ಉದುರಿತು, ಅದೇ ವರ್ಷ ಗಲ್ಫಿನಲ್ಲಿದ್ದ ಮಗನ ಕೆಲಸವೂ ಹೋಯಿತು. ನಮ್ಮ ಗಡಿನಾಡಿನ ಎಷ್ಟೋ ಮನೆಗಳು ನಿಂತಿರುವುದೇ ಈ ಎರಡು ಕಂಬಗಳ ಮೇಲೆ. ಆದಾಯ ಕುಸಿಯುವುದು ಅಪರಾಧವಲ್ಲ. ಆದರೆ ನಾವು ಅದನ್ನು ಅಪರಾಧದಂತೆ ಮುಚ್ಚಿಡುತ್ತೇವೆ. ಜಾಮೀನು ನಿಂತ ಭಾವನಿಗೆ ಗೊತ್ತಾದರೆ? ಮಗಳ ಸಂಬಂಧಕ್ಕೆ ಅಡ್ಡಿಯಾದರೆ?

ಮಾನಕ್ಕಂಜಿ ಕಳೆದ ದಿನಗಳಿಗೆ ಕಾನೂನಿನಲ್ಲಿ ಲೆಕ್ಕವಿದೆ. ಕಂತಿನ ಬಾಕಿ 90 ದಿನ ಮೀರಿದರೆ ಗೃಹಸಾಲವು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಅನಂತರ 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು. ಆ ಅವಧಿಯೊಳಗೆ ಸಾಲಗಾರನು ಆಕ್ಷೇಪ ಬರೆದು ಕೊಟ್ಟರೆ, ಒಪ್ಪದಿದ್ದ ಪಕ್ಷಕ್ಕೆ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಲೇಬೇಕು. ಇದು ಯಾರ ದಯೆಯೂ ಅಲ್ಲ. ಆದರೆ ಬರೆಯದವನಿಗೆ ಉತ್ತರ ಎಲ್ಲಿಂದ ಬರಬೇಕು?

ಸುಲಭವಾದ ಕಾಲ ಇನ್ನೂ ಮೊದಲಿನದು, ಒಂದು ಕಂತೂ ತಪ್ಪದಿರುವಾಗಿನದು. ಆಗ ಮ್ಯಾನೇಜರರ ಎದುರು ಕುಳಿತು ಅವಧಿ ವಿಸ್ತರಿಸಿರೆಂದೋ ಕೆಲವು ತಿಂಗಳು ಬಿಡುವು ಕೊಡಿರೆಂದೋ ಕೇಳಬಹುದು. ಕೊಡಲೇಬೇಕೆಂಬ ನಿಯಮವಿಲ್ಲ, ನಿಜ. ಹೀಗೆ ಬದಲಾಯಿಸಿದ ಸಾಲ ದಾಖಲೆಯಲ್ಲಿ ಉಳಿದು ಮುಂದಿನ ಸಾಲಕ್ಕೆ ತೊಡಕಾಗಲೂಬಹುದು.

ಬಿಡುವು ಎಂದರೆ ಮನ್ನಾ ಎಂದು ಮಾತ್ರ ತಿಳಿಯಬಾರದು. 2020ರ ಕೊರೋನಾ ಕಾಲದಲ್ಲಿ ರಿಸರ್ವ್ ಬ್ಯಾಂಕು ಮಾರ್ಚಿನಿಂದ ಆಗಸ್ಟಿನ ತನಕ ಕಂತಿಗೆ ವಿರಾಮ ಕೊಡಲು ಅನುಮತಿಸಿದಾಗ ನಮ್ಮಲ್ಲಿ ಹಲವರು ಹಾಗೆಯೇ ಭಾವಿಸಿ, ಆಮೇಲೆ ಬಡ್ಡಿಯ ಲೆಕ್ಕ ನೋಡಿ ಕಂಗೆಟ್ಟರು. 10 ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ 9ರ ಬಡ್ಡಿಯಾದರೆ 15 ವರ್ಷದ ಕಂತು ತಿಂಗಳಿಗೆ ಸುಮಾರು 10,143 ರೂಪಾಯಿ. ಅದನ್ನೇ 20 ವರ್ಷಕ್ಕೆ ಹಾಕಿಸಿದರೆ ಕಂತು 8,997ಕ್ಕೆ ಇಳಿಯುತ್ತದೆ. ಒಟ್ಟು ಪಾವತಿ ಮಾತ್ರ 3 ಲಕ್ಷ 33 ಸಾವಿರದಷ್ಟು ಏರುತ್ತದೆ. ತಿಂಗಳ 1,146 ರೂಪಾಯಿಯ ಉಸಿರಿಗೆ ಇಷ್ಟು ಬೆಲೆ! ಆದರೂ ಮನೆ ಉಳಿಯುವುದಾದರೆ ಆ ಬೆಲೆ ತೆರಬೇಕೆಂದೇ ನನ್ನ ಅಭಿಪ್ರಾಯ. ಕೈಸಾಲದವನ ಬಡ್ಡಿಗಿಂತ ಅದು ಮೇಲು.

ಇನ್ನು ಭಾಷೆಯ ಮಾತು. ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಪತ್ರ ಬರೆಯಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಅಡವಿನ ಸಾಲ ಕೊಡುವ ಬ್ಯಾಂಕುಗಳೂ ಸಹಕಾರ ಸಂಘಗಳೂ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ನೋಟೀಸಿನೊಂದಿಗೆ ಕನ್ನಡದ ಒಂದು ಹಾಳೆ ಇಡುವುದರಿಂದ ಏನು ನಷ್ಟ? 1956ರಲ್ಲಿ ಗಡಿ ಗೆರೆ ಎಳೆದವರು ನಮ್ಮ ಓದನ್ನು ಬದಲಾಯಿಸಲಿಲ್ಲ. ಮನೆ ಕಳೆದುಕೊಳ್ಳುವ ಸಂಗತಿಯನ್ನಾದರೂ ಮನುಷ್ಯ ತನ್ನ ಭಾಷೆಯಲ್ಲಿ ಓದಬೇಡವೆ? ಈ ಬೇಡಿಕೆಯನ್ನು ಸಂಘಗಳ ಮಹಾಸಭೆಗಳಲ್ಲಿ ನಮ್ಮ ಸದಸ್ಯರೇ ಎದ್ದು ನಿಂತು ಮಂಡಿಸಬೇಕು. ಚಹಾ ಕುಡಿದು ಬಂದರೆ ಸಾಲದು.

ನೆರೆಯವರ ವಿಷಯಕ್ಕೆ ಬರುತ್ತೇನೆ. ಮರುದಿನವೇ ಕನ್ನಡದಲ್ಲಿ ಮನವಿ ಬರೆದೆವು, ಜೊತೆಗೆ ಇಂಗ್ಲಿಷ್ ಪ್ರತಿ. ಅಡಿಕೆ ಮಾರಿದ ಹಿಂದಿನ ಎರಡು ವರ್ಷಗಳ ಚೀಟಿಗಳನ್ನೂ ಮಗನನ್ನು ಕೆಲಸದಿಂದ ಬಿಟ್ಟ ಪತ್ರವನ್ನೂ ಲಗತ್ತಿಸಿ, ತಿಂಗಳಿಗೆ ಎಷ್ಟು ಕಟ್ಟಬಲ್ಲೆನೆಂದು ಸ್ಪಷ್ಟವಾಗಿ ಕಾಣಿಸಿದೆವು. ಮ್ಯಾನೇಜರರು ಮಲಯಾಳಿ ಸಜ್ಜನರು. "ಮೂರು ತಿಂಗಳ ಹಿಂದೆ ಬರಬಾರದಿತ್ತೆ?" ಎಂದು ಕೇಳಿದರು. ನಮ್ಮವರು ತಲೆ ತಗ್ಗಿಸಿದರು. ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದಿದ್ದೇವೆ. ಉತ್ತರ ಇನ್ನೂ ಬರಬೇಕಾಗಿದೆ.