ತಟ್ಟೆ ನೋಡಿ ಭಕ್ತಿ ಅಳೆಯಬೇಡಿ
ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದ ಪಾದ್ರಿ. ಆ ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯ ತೆರೆದರೆ, ಗೊರಸು ಸೀಳಿದ್ದರೂ ಮೆಲುಕು ಹಾಕದ ಹಂದಿ ಅಶುದ್ಧ ಎಂದಿದೆ. ಅಪೊಸ್ತಲರ ಕೃತ್ಯಗಳ 10ನೇ ಅಧ್ಯಾಯದಲ್ಲಾದರೋ, ದೇವರು ಶುದ್ಧಮಾಡಿದ್ದನ್ನು ಹೊಲೆ ಎನ್ನಬೇಡ ಎಂದು ಪೇತ್ರನಿಗೆ ದರ್ಶನವಾಗುತ್ತದೆ. ಹಾಗಾಗಿಯೇ ಮಂಗಳೂರಿನ ಕ್ಯಾಥೊಲಿಕರ ಮದುವೆಯೂಟದಲ್ಲಿ ಬಾಫಾತ್ ಪುಡಿ ಹಾಕಿ ಬೇಯಿಸಿದ ಹಂದಿಮಾಂಸ, ಪಕ್ಕದಲ್ಲಿ ಹಬೆಯಾಡುವ, ಇಡ್ಲಿಯಂಥ ಬಿಳಿ ಸನ್ನಾ. ಅದೇ ಕ್ರಿಸ್ತನನ್ನು ನಂಬುವ ಸೆವೆಂತ್ ಡೇ ಅಡ್ವೆಂಟಿಸ್ಟರೂ ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯವರೂ ಹಂದಿಯನ್ನು ಮುಟ್ಟುವುದಿಲ್ಲ. ಇನ್ನು ಹ್ಯಾಂಡ್ಸ್ ಬಂದಿಳಿದ ಬಳ್ಳಾರಿ ಸೀಮೆಯ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಅಲ್ಲಿನ ಕೊಟ್ಟೂರಂತೂ ಲಿಂಗಾಯತರು ಪೂಜಿಸುವ ಕೊಟ್ಟೂರೇಶ್ವರನ ಊರು. ಓಣಿಯ ಒಂದು ಕಡೆ ಮಾಂಸವನ್ನೇ ತಿನ್ನದ ಲಿಂಗಾಯತರು, ಇನ್ನೊಂದು ಕಡೆ ಹಂದಿಯನ್ನು ನಿಷಿದ್ಧವೆನ್ನುವ ಮುಸಲ್ಮಾನರು. ಇಂಥಲ್ಲಿ ಒಂದು ಕ್ರೈಸ್ತ ಮನೆ ತಾನಾಗಿ ಹಂದಿ ಬಿಟ್ಟರೆ ಅದು ಹೇಡಿತನವಲ್ಲ, ತಿಂದರೆ ಧರ್ಮಭ್ರಷ್ಟತೆಯೂ ಅಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಪೌಲ ಈ ಜಗಳವನ್ನು ಎಂದೋ ಇತ್ಯರ್ಥ ಮಾಡಿದ್ದಾನೆ: ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು. ಈ ಮಾತು ಚರ್ಚಿನೊಳಗಷ್ಟೇ ಉಳಿಯಬಾರದು. ಹಂದಿ ತಿನ್ನುತ್ತಾರೆಂದು ಬಾಡಿಗೆ ಮನೆ ಕೊಡದಿರುವುದು, ಮಕ್ಕಳನ್ನು ಪಂಕ್ತಿಯಲ್ಲಿ ದೂರ ಕೂರಿಸುವುದು ಯಾವ ಧರ್ಮದ ಆಚರಣೆಯೂ ಅಲ್ಲ, ಬರೀ ಕ್ರೌರ್ಯ. ಏನು ಉಣ್ಣಬೇಕೆಂಬುದನ್ನು ಉಣ್ಣುವವರ ಮನಸ್ಸಾಕ್ಷಿಗೆ ಬಿಡೋಣ. ನೆರೆಯವರ ಮನಸ್ಸು ನೋಯದಂತೆ ಉಣ್ಣುವ ಹೊಣೆಯನ್ನು ಎಲ್ಲರೂ ಹೊರೋಣ.